ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ: ಕೋಡಿನ ತಪ್ಪನ್ನು ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ಶಿರಸಿಯಿಂದ, ಹೊಸದಾಗಿ ಕಲಿಯುತ್ತಿರುವವಳು

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯಿಂದ ಬನವಾಸಿ ಕಡೆಗೆ ಹೋಗುವ ರಸ್ತೆಯ ಒಂದು ಹಳ್ಳಿಯವಳು. ಬಿ.ಕಾಂ. ಮುಗಿಸಿ ಐದು ತಿಂಗಳಿಂದ ಮನೆಯಲ್ಲಿಯೇ ವೆಬ್ ಪುಟ ಕಟ್ಟಲು ಬೇಕಾದ ಎಚ್‌ಟಿಎಂಎಲ್, ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಕಲಿಯುತ್ತಿದ್ದೇನೆ. ಅಪ್ಪ ಅಡಿಕೆ ಚೀಲಗಳನ್ನು ಮಾರುಕಟ್ಟೆಗೆ ಒಯ್ಯುವ ಮೊದಲು ತೂಕ ಮತ್ತು ದರಗಳನ್ನು ನೋಟುಪುಸ್ತಕದಲ್ಲಿ ಬರೆದು ಲೆಕ್ಕ ಹಾಕುತ್ತಾರೆ. ಆ ಲೆಕ್ಕವನ್ನು ಫೋನಿನಲ್ಲಿಯೇ ಮಾಡಿಕೊಡುವ ಒಂದು ಸಣ್ಣ ಪುಟವನ್ನು ಕಟ್ಟಬೇಕೆಂದು ಹೊರಟೆ. ಮೂರು ಚೀಲಗಳ ತೂಕ ಬರೆಯಲು ಮೂರು ಪೆಟ್ಟಿಗೆಗಳು, ಕ್ವಿಂಟಲ್ ದರಕ್ಕೆ ಇನ್ನೊಂದು, ಕೊನೆಯಲ್ಲಿ 'ಲೆಕ್ಕ ಮಾಡು' ಎಂಬ ಬಟನ್, ಇಷ್ಟೇ ಅದರಲ್ಲಿರುವುದು.

ಪುಟ ಚೆನ್ನಾಗಿಯೇ ಕಾಣಿಸುತ್ತದೆ, ಆದರೆ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಮೂರು ಸಲ ಎಲ್ಲವನ್ನೂ ಅಳಿಸಿ ಮೊದಲಿನಿಂದ ಬರೆದೆ, ಮೂರು ಸಲವೂ ಹಾಗೆಯೇ ಆಯಿತು. ಪುಟದ ಒಳಗಿನ ಕೆಲಸವನ್ನು ತೋರಿಸುವ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆಯಲು ಎಫ್12 ಒತ್ತಿದಾಗ ಕೆಂಪು ಅಕ್ಷರಗಳಲ್ಲಿ ಇಂಗ್ಲಿಷಿನ ಸಾಲೊಂದು ಬರುತ್ತದೆ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಆ ಸಾಲನ್ನು ನೋಡಿದ ಕೂಡಲೇ ಗಾಬರಿಯಾಗಿ ಅದನ್ನು ಮುಚ್ಚಿಬಿಡುತ್ತೇನೆ.

ನನ್ನ ಪ್ರಶ್ನೆ ಈ ಒಂದು ಬಟನ್ನಿನ ಕುರಿತು ಮಾತ್ರವಲ್ಲ. ಪಾಠದ ವಿಡಿಯೋಗಳಲ್ಲಿ ಹೇಳಿಕೊಡುವವರು ಬರೆದ ಕೋಡು ಮೊದಲ ಸಲಕ್ಕೇ ಓಡುತ್ತದೆ. ಓಡದೇ ಹೋದಾಗ ಅವರು ಏನು ಮಾಡುತ್ತಾರೆಂಬುದನ್ನು ನಾನು ಒಮ್ಮೆಯೂ ನೋಡಿಲ್ಲ. ತಪ್ಪನ್ನು ಹುಡುಕುವುದಕ್ಕೆ ಕ್ರಮವೆಂಬುದು ಇದೆಯೇ, ಅಥವಾ ಅದು ಅನುಭವ ಬಂದ ಮೇಲೆ ತಾನಾಗಿ ಬರುವ ವಿದ್ಯೆಯೇ?

ಉತ್ತರ: ಕಾರವಾರದಿಂದ

ಕ್ರಮ ಇದೆ, ಮತ್ತು ಅದನ್ನು ಕಲಿಯಬಹುದು. ನಾನು ಹನ್ನೆರಡು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಈಗಲೂ ನನ್ನ ದಿನದ ಬಹುಪಾಲು ಹೊಸ ಕೋಡು ಬರೆಯುವುದರಲ್ಲಲ್ಲ, ಬರೆದದ್ದು ಯಾಕೆ ಓಡುತ್ತಿಲ್ಲವೆಂದು ನೋಡುವುದರಲ್ಲಿ ಕಳೆಯುತ್ತದೆ. ಆದ್ದರಿಂದ ನಿಮಗೆ ಬುದ್ಧಿ ಸಾಲದೆಂದು ದಯವಿಟ್ಟು ಅಂದುಕೊಳ್ಳಬೇಡಿ.

ಮೊದಲು ಬಿಡಬೇಕಾದದ್ದು ಅಳಿಸಿ ಬರೆಯುವ ಅಭ್ಯಾಸವನ್ನು. ಅಳಿಸಿದಾಗ ತಪ್ಪಿನ ಜೊತೆಗೆ ಅದರ ಸುಳಿವೂ ಹೋಗುತ್ತದೆ. ನಿಮ್ಮ ತಲೆಯಲ್ಲಿರುವ ತಪ್ಪು ಕಲ್ಪನೆ ಮಾತ್ರ ಹಾಗೆಯೇ ಉಳಿಯುವುದರಿಂದ ಎರಡನೆಯ ಸಲವೂ ಅದೇ ತಪ್ಪನ್ನೇ ಬರೆಯುತ್ತೀರಿ. ಮೂರು ಸಲ ಬರೆದರೂ ಒಂದೇ ಫಲ ಬಂದದ್ದು ಇದೇ ಕಾರಣಕ್ಕೆ.

ಆ ಕೆಂಪು ಸಾಲು ಬ್ರೌಸರು ನಿಮಗೆ ಕೊಡುವ ವರದಿ. ಅದರಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳಿರುತ್ತವೆ: ತಪ್ಪಿನ ಜಾತಿ, ಏನಾಯಿತೆಂಬ ವಿವರಣೆ, ಮತ್ತು ಬಲತುದಿಯಲ್ಲಿ ಕಡತದ ಹೆಸರು ಹಾಗೂ ಸಾಲಿನ ಸಂಖ್ಯೆ. ಆ ಸಂಖ್ಯೆಯ ಮೇಲೆ ಒತ್ತಿದರೆ ಅದೇ ಸಾಲು ತೆರೆದುಕೊಳ್ಳುತ್ತದೆ. ಆರಂಭದಲ್ಲಿ ನಿಮಗೆ ಎದುರಾಗುವ ಜಾತಿಗಳು ಹೆಚ್ಚಾಗಿ ಮೂರೇ. ಸಿಂಟ್ಯಾಕ್ಸ್ ಎರರ್ ಎಂದರೆ ಬರವಣಿಗೆಯೇ ತಪ್ಪಿದೆ, ಎಲ್ಲೋ ಒಂದು ಆವರಣ ಮುಚ್ಚಿಲ್ಲ ಅಥವಾ ಉದ್ಧರಣ ಚಿಹ್ನೆ ಸರಿಯಿಲ್ಲ. ಆಗ ಆ ಕಡತದ ಒಂದು ಸಾಲೂ ಓಡುವುದಿಲ್ಲ. ರೆಫರೆನ್ಸ್ ಎರರ್ ಎಂದರೆ ಆ ಹೆಸರಿನದು ಯಾವುದೂ ಇಲ್ಲ, ಹೆಚ್ಚಾಗಿ ಕಾಗುಣಿತದ ದೋಷ. ಟೈಪ್ ಎರರ್ ಎಂದರೆ ಹೆಸರು ಇದೆ, ಆದರೆ ಅದರೊಳಗೆ ಇರುವ ವಸ್ತುವಿನಿಂದ ನೀವು ಕೇಳಿದ ಕೆಲಸ ಸಾಧ್ಯವಿಲ್ಲ. ಈ ಮೂರನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷಿನ ಪಾಂಡಿತ್ಯ ಬೇಕಾಗಿಲ್ಲ.

ನಿಮ್ಮ ವಿವರಣೆಯನ್ನು ನೋಡಿದರೆ, ಆ ಸಾಲಿನಲ್ಲಿ 'ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್' ಎಂದು ಇರಬಹುದೆಂದು ನನ್ನ ಊಹೆ. 'ನಲ್' ಎಂದರೆ ಏನೂ ಸಿಗಲಿಲ್ಲ ಎಂದು ಅರ್ಥ. ನೀವು ಬಟನ್ನನ್ನು ಅದರ ಐಡಿಯಿಂದ, ಎಂದರೆ ಪುಟದಲ್ಲಿ ಅದಕ್ಕೆ ಕೊಟ್ಟ ಗುರುತಿನ ಹೆಸರಿನಿಂದ ಹುಡುಕಿದಿರಿ, ಬ್ರೌಸರಿಗೆ ಅದು ಸಿಗಲಿಲ್ಲ, ಸಿಗದ ವಸ್ತುವಿನ ಮೇಲೆ ಕ್ಲಿಕ್ ಕಾಯುವ ಕೆಲಸವನ್ನು ಹಚ್ಚಲು ಹೋಗಿ ಅದು ನಿಂತುಬಿಟ್ಟಿತು. ಸಿಗದಿರಲು ಎರಡು ಕಾರಣಗಳು ಸಾಮಾನ್ಯ. ಎರಡು ಕಡೆ ಐಡಿಯ ಹೆಸರು ಬೇರೆ ಬೇರೆಯಾಗಿರಬಹುದು. ದೊಡ್ಡಕ್ಷರ ಮತ್ತು ಚಿಕ್ಕಕ್ಷರದ ವ್ಯತ್ಯಾಸವೂ ಇಲ್ಲಿ ವ್ಯತ್ಯಾಸವೇ. ಇಲ್ಲವಾದರೆ ನಿಮ್ಮ ಸ್ಕ್ರಿಪ್ಟ್, ಎಂದರೆ ಜಾವಾಸ್ಕ್ರಿಪ್ಟ್ ಕೋಡು, ಪುಟದ ತಲೆಭಾಗದಲ್ಲಿದೆ. ಬ್ರೌಸರು ಪುಟವನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಬರುತ್ತದೆ, ಸ್ಕ್ರಿಪ್ಟ್ ಸಿಕ್ಕಿದ ಕೂಡಲೇ ಅಲ್ಲಿಯೇ ನಿಂತು ಅದನ್ನು ಓಡಿಸುತ್ತದೆ. ಆ ಕ್ಷಣಕ್ಕೆ ಕೆಳಗಿನ ಬಟನ್ ಇನ್ನೂ ಹುಟ್ಟಿರುವುದೇ ಇಲ್ಲ. ಸ್ಕ್ರಿಪ್ಟನ್ನು ಬಾಡಿಯ, ಎಂದರೆ ಪುಟದಲ್ಲಿ ಕಾಣುವ ಭಾಗದ, ಕೊನೆಗೆ ಇಳಿಸಿ, ಅಥವಾ ಬೇರೆ ಕಡತದಲ್ಲಿಟ್ಟು ಅದನ್ನು ಕರೆಯುವ ಟ್ಯಾಗಿಗೆ, ಪುಟವನ್ನು ಪೂರ್ತಿ ಓದಿ ಮುಗಿಸುವವರೆಗೆ ಸ್ಕ್ರಿಪ್ಟನ್ನು ಕಾಯಿಸುವ 'ಡಿಫರ್' ಎಂಬ ಪದವನ್ನು ಸೇರಿಸಿ. ಪುಟದೊಳಗೇ ಬರೆದ ಸ್ಕ್ರಿಪ್ಟಿಗೆ ಡಿಫರ್ ಸೇರಿಸಿದರೆ ಉಪಯೋಗವಿಲ್ಲ, ಅದು ಬೇರೆ ಕಡತದಿಂದ ಬರುವ ಸ್ಕ್ರಿಪ್ಟಿಗೆ ಮಾತ್ರ ಅನ್ವಯಿಸುತ್ತದೆ.

ಇನ್ನೊಂದು ಮಾತು. ವರದಿಯಲ್ಲಿರುವ ಸಾಲಿನ ಸಂಖ್ಯೆ ಬ್ರೌಸರು ಎಡವಿದ ಜಾಗವನ್ನು ತೋರಿಸುತ್ತದೆ. ತಪ್ಪು ಅದಕ್ಕಿಂತ ಮೇಲೆ ಎಲ್ಲೋ ಇರಬಹುದು. ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಗುಡ್ಡದ ಅಬ್ಬಿಯಿಂದ ಮನೆಗೆ ಪೈಪಿನಲ್ಲಿ ನೀರು ತರುವುದು ನಿಮಗೆ ಗೊತ್ತೇ ಇದೆ. ಅಂಗಳದ ನಲ್ಲಿಯಲ್ಲಿ ನೀರು ನಿಂತರೆ ಯಾರೂ ನಲ್ಲಿಯನ್ನು ಕಿತ್ತು ಹೊಸದನ್ನು ಹಾಕುವುದಿಲ್ಲ. ದಾರಿಯ ಅರ್ಧದಲ್ಲಿ ಒಂದು ಜೋಡಣೆಯನ್ನು ಬಿಚ್ಚಿ ನೋಡುತ್ತಾರೆ. ಅಲ್ಲಿ ನೀರು ಬರುತ್ತಿದ್ದರೆ ದೋಷ ಕೆಳಗಿನ ಅರ್ಧದಲ್ಲಿದೆ, ಬಾರದಿದ್ದರೆ ಮೇಲಿನ ಅರ್ಧದಲ್ಲಿದೆ. ಕೋಡಿನಲ್ಲಿಯೂ ಹಾಗೆಯೇ ನಡುಮಧ್ಯದ ಒಂದು ಸಾಲಿನಲ್ಲಿ ಕೊಟ್ಟದ್ದನ್ನು ಆ ಕೆಂಪು ಸಾಲು ಬರುವ ಜಾಗದಲ್ಲಿ ಮುದ್ರಿಸುವ ಕನ್ಸೋಲ್ ಲಾಗ್ ಬರೆದು, ಅಲ್ಲಿಯವರೆಗೆ ಬೆಲೆಗಳು (ಕೋಡಿನ ಹೆಸರುಗಳೊಳಗೆ ಇರುವ ಸಂಖ್ಯೆ ಅಥವಾ ಪಠ್ಯ) ಸರಿಯಾಗಿ ಬಂದಿವೆಯೇ ಎಂದು ನೋಡಬೇಕು. ಹೀಗೆ ಅರ್ಧ ಮಾಡುತ್ತ ಹೋದರೆ ಸಾವಿರ ಸಾಲಿನ ಕಡತದಲ್ಲಿಯೂ ಸುಮಾರು ಹತ್ತು ಸಲಕ್ಕೆ ತಪ್ಪಿನ ಬಳಿಗೆ ತಲುಪುತ್ತೀರಿ.

ಪ್ರಶ್ನೆ ಕೇಳಿದವಳು

ನಿಮ್ಮ ಊಹೆ ಸರಿಯಾಗಿತ್ತು, ಆ ಸಾಲಿನಲ್ಲಿ 'ನಲ್' ಎಂದೇ ಇತ್ತು. ಸ್ಕ್ರಿಪ್ಟನ್ನು ಬೇರೆ ಕಡತಕ್ಕೆ ಒಯ್ದು ಡಿಫರ್ ಸೇರಿಸಿದ ಮೇಲೆ ಬಟನ್ ಕೆಲಸ ಮಾಡುತ್ತಿದೆ. ಐದು ತಿಂಗಳಲ್ಲಿ ಮೊದಲ ಬಾರಿಗೆ ಆ ಕೆಂಪು ಸಾಲನ್ನು ಕೊನೆಯವರೆಗೆ ಓದಿದೆ.

ಈಗ ಕೆಂಪು ಸಾಲು ಯಾವುದೂ ಇಲ್ಲ, ಆದರೆ ಉತ್ತರ ತಪ್ಪಾಗಿದೆ. ಚೀಲಗಳ ತೂಕ 62, 58 ಮತ್ತು 65 ಕಿಲೋ, ದರ ಕ್ವಿಂಟಲಿಗೆ 48000 ರೂಪಾಯಿ ಎಂದು ಕೊಟ್ಟರೆ ಪುಟವು 300415200 ಎಂದು ತೋರಿಸುತ್ತದೆ. ಮೂರು ಚೀಲ ರಾಶಿ ಅಡಿಕೆಗೆ ಮೂವತ್ತು ಕೋಟಿ ರೂಪಾಯಿ ಎಂದಾಯಿತು. ಕೈಲೆಕ್ಕದಲ್ಲಿ 88,800 ಬರುತ್ತದೆ. ಬ್ರೌಸರು ದೂರು ಹೇಳದೇ ಇರುವಾಗ ಎಲ್ಲಿ ಹುಡುಕಬೇಕು?

ಉತ್ತರ: ಕುಮಟಾದಿಂದ, ಕಂಪ್ಯೂಟರ್ ಪಾಠ ಹೇಳುವವನು

ಮೊದಲು ನೀವು ಒಂದು ಒಳ್ಳೆಯ ಕೆಲಸ ಮಾಡಿದ್ದೀರಿ. ಉತ್ತರ ಎಷ್ಟು ಬರಬೇಕಿತ್ತೆಂಬುದನ್ನು ಕೈಲೆಕ್ಕದಿಂದ ತಿಳಿದುಕೊಂಡಿದ್ದೀರಿ. ಬರಬೇಕಾದದ್ದು ಮತ್ತು ಬಂದದ್ದು ಎರಡೂ ಕಾಗದದ ಮೇಲೆ ಇದ್ದರೆ ಹುಡುಕಾಟಕ್ಕೆ ದಿಕ್ಕು ಸಿಗುತ್ತದೆ. ನನ್ನ ವಿದ್ಯಾರ್ಥಿಗಳು ಹೆಚ್ಚಾಗಿ 'ಸರಿ ಬರುತ್ತಿಲ್ಲ' ಎಂದಷ್ಟೇ ಹೇಳುತ್ತಾರೆ, ಏನು ಬರಬೇಕಿತ್ತೆಂದು ಕೇಳಿದರೆ ಸುಮ್ಮನಾಗುತ್ತಾರೆ.

ಈಗ ನಿಮ್ಮ ಸಂಖ್ಯೆಯನ್ನೇ ಹಿಂದಕ್ಕೆ ಬಿಡಿಸೋಣ. 300415200 ಅನ್ನು ದರವಾದ 48000ದಿಂದ ಭಾಗಿಸಿದರೆ 6258.65 ಬರುತ್ತದೆ. ಕ್ವಿಂಟಲಿಗಾಗಿ ನೂರರಿಂದ ಭಾಗಿಸಿದ್ದನ್ನು ಮರಳಿ ಗುಣಿಸಿದರೆ 625865. ಈ ಅಂಕಿಗಳನ್ನು ಬಿಡಿಬಿಡಿಯಾಗಿ ನೋಡಿ: 62, 58, 65. ಕೂಡಬೇಕಾದ ತೂಕಗಳು ಒಂದರ ಪಕ್ಕದಲ್ಲಿ ಒಂದು ಅಂಟಿಕೊಂಡಿವೆ.

ಪೆಟ್ಟಿಗೆಯಿಂದ ಓದಿದ ಬೆಲೆ ಯಾವಾಗಲೂ ಪಠ್ಯವಾಗಿಯೇ ಬರುತ್ತದೆ, ಅದರಲ್ಲಿ ಅಂಕಿಗಳೇ ಇದ್ದರೂ ಸರಿ. ಜಾವಾಸ್ಕ್ರಿಪ್ಟಿನಲ್ಲಿ ಕೂಡುವ ಚಿಹ್ನೆಗೆ ಎರಡು ಕೆಲಸಗಳಿವೆ, ಸಂಖ್ಯೆಗಳನ್ನು ಕೂಡುವುದು ಮತ್ತು ಪಠ್ಯಗಳನ್ನು ಜೋಡಿಸುವುದು. ಪಠ್ಯ ಕೊಟ್ಟಿದ್ದರಿಂದ ಅದು ಜೋಡಿಸಿತು. ಭಾಗಾಕಾರ ಮತ್ತು ಗುಣಾಕಾರದ ಚಿಹ್ನೆಗಳಿಗೆ ಪಠ್ಯದ ಮೇಲೆ ಬೇರೆ ಕೆಲಸವಿಲ್ಲದ ಕಾರಣ ಅವು ಸದ್ದಿಲ್ಲದೆ ಪಠ್ಯವನ್ನು ಸಂಖ್ಯೆಯಾಗಿ ಮಾಡಿಕೊಂಡವು. ಬ್ರೌಸರಿನ ದೃಷ್ಟಿಯಲ್ಲಿ ನಿಯಮ ಎಲ್ಲಿಯೂ ಮುರಿದಿಲ್ಲ, ಆದ್ದರಿಂದಲೇ ಕೆಂಪು ಸಾಲು ಬರಲಿಲ್ಲ.

ಇದನ್ನು ಕಣ್ಣಾರೆ ನೋಡಲು ಕನ್ಸೋಲ್ ಲಾಗ್ ಒಂದೇ ಸಾಲದು. ಕ್ರೋಮ್‌ನಲ್ಲಿ ಅದು ಪಠ್ಯವನ್ನು ಉದ್ಧರಣ ಚಿಹ್ನೆಗಳಿಲ್ಲದೆ ಮುದ್ರಿಸುವುದರಿಂದ ಪಠ್ಯವಾದ 62 ಮತ್ತು ಸಂಖ್ಯೆಯಾದ 62 ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. 'ಟೈಪ್‌ಆಫ್' ಬಳಸಿ ಜಾತಿಯನ್ನೂ ಮುದ್ರಿಸಿ. ಅದಕ್ಕಿಂತ ಉತ್ತಮ ದಾರಿ ಬ್ರೇಕ್‌ಪಾಯಿಂಟ್. ಡೆವಲಪರ್ ಟೂಲ್ಸ್‌ನ ಸೋರ್ಸಸ್ ಭಾಗದಲ್ಲಿ ನಿಮ್ಮ ಕಡತವನ್ನು ತೆರೆದು, ಮೊತ್ತ ಮಾಡುವ ಸಾಲಿನ ಸಂಖ್ಯೆಯ ಮೇಲೆ ಒತ್ತಿ, ಆಮೇಲೆ ಪುಟದ ಬಟನ್ ಒತ್ತಿದರೆ ಓಟವು ಆ ಸಾಲಿಗೆ ಬಂದು ನಿಲ್ಲುತ್ತದೆ. ಆಗ ಪ್ರತಿಯೊಂದು ಹೆಸರಿನೊಳಗೆ ಏನಿದೆಯೆಂಬುದು ಪಕ್ಕದಲ್ಲಿ ಕಾಣುತ್ತದೆ, ಪಠ್ಯವಾಗಿದ್ದರೆ ಉದ್ಧರಣ ಚಿಹ್ನೆಗಳ ಸಮೇತ. ಎಫ್10 ಒತ್ತಿದಂತೆ ಒಂದೊಂದೇ ಸಾಲು ಮುಂದೆ ಹೋಗುತ್ತದೆ. ನಾನು ವರ್ಷದ ಮೊದಲ ತಿಂಗಳಲ್ಲಿಯೇ ಇದನ್ನು ಕಲಿಸುತ್ತೇನೆ. ಓಡುತ್ತಿರುವ ಕೋಡನ್ನು ನಿಲ್ಲಿಸಿ ನೋಡಿದವನಿಗೆ ಅದರ ಮೇಲಿನ ಭಯ ಬೇಗ ಹೋಗುತ್ತದೆ.

ಉತ್ತರ: ಹೊನ್ನಾವರದಿಂದ

ಇಷ್ಟೆಲ್ಲ ಶ್ರಮ ಯಾಕೆ ಎಂಬುದು ನನ್ನ ಅಭಿಪ್ರಾಯ. ನಾನೂ ಕಲಿಯುತ್ತಿರುವವನೇ. ಕೋಡನ್ನು ಎಐ ಸಹಾಯಕಕ್ಕೆ ಕೊಟ್ಟು ತಪ್ಪೇನೆಂದು ಕೇಳಿದರೆ ಅರ್ಧ ನಿಮಿಷದಲ್ಲಿ ತಿದ್ದಿ ಕೊಡುತ್ತದೆ, ಕನ್ನಡದಲ್ಲಿಯೇ ವಿವರಿಸುತ್ತದೆ. ಹಳ್ಳಿಯಲ್ಲಿ ಕುಳಿತು ಕಲಿಯುವವರಿಗೆ, ಕೇಳಲು ಪಕ್ಕದಲ್ಲಿ ಯಾರೂ ಇಲ್ಲದವರಿಗೆ ಅದು ದೊಡ್ಡ ಆಸರೆ.

ಪ್ರಶ್ನೆ ಕೇಳಿದವಳು

ನಾನು ಎರಡನ್ನೂ ಮಾಡಿದೆ. ಬ್ರೇಕ್‌ಪಾಯಿಂಟ್ ಹಾಕಿ ನೋಡಿದಾಗ ಮೂರು ತೂಕಗಳೂ ಉದ್ಧರಣ ಚಿಹ್ನೆಗಳೊಳಗೆ ಇದ್ದವು. ಆಮೇಲೆ ಎಐ ಸಹಾಯಕವನ್ನು ಕೇಳಿದೆ. ನಾಲ್ಕೂ ಬೆಲೆಗಳಿಗೆ, ಪಠ್ಯವನ್ನು ಪೂರ್ಣಸಂಖ್ಯೆಯಾಗಿ ಮಾಡುವ 'ಪಾರ್ಸ್‌ಇಂಟ್' ಬಳಸಲು ಅದು ಹೇಳಿತು, ಹಾಗೆ ಮಾಡಿದ ಕೂಡಲೇ 88800 ಬಂತು. ಸಂತೋಷದಿಂದ ಅಪ್ಪನ ಕೈಗೆ ಫೋನು ಕೊಟ್ಟೆ. ಅವರು ತಾವು ಬರೆಯುವ ರೂಢಿಯಂತೆ ದರವನ್ನು 48,000 ಎಂದು ಅಲ್ಪವಿರಾಮ ಸೇರಿಸಿ ಬರೆದರು. ಉತ್ತರ 88.80 ರೂಪಾಯಿ ಎಂದು ಬಂತು. ಈ ಸಲವೂ ಕೆಂಪು ಸಾಲು ಇಲ್ಲ.

ಉತ್ತರ: ಕುಮಟಾದಿಂದ, ಕಂಪ್ಯೂಟರ್ ಪಾಠ ಹೇಳುವವನು

ಹೊನ್ನಾವರದ ಮಿತ್ರರ ಮಾತನ್ನು ನಾನು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ, ಆಸರೆ ಎಂಬುದು ನಿಜ. ಆದರೆ ಇಲ್ಲಿ ಏನಾಯಿತೆಂದು ಗಮನಿಸಿ. ಕೇಳಿದ ಪ್ರಶ್ನೆಗೆ ಆ ಉತ್ತರ ಸರಿಯಾಗಿತ್ತು. ಅಪ್ಪ ಅಲ್ಪವಿರಾಮ ಹಾಕುತ್ತಾರೆಂಬುದು ಪ್ರಶ್ನೆಯಲ್ಲಿ ಇರಲಿಲ್ಲ. ಅದು ಗೊತ್ತಿದ್ದದ್ದು ನಿಮಗೆ ಮಾತ್ರ.

ಪಾರ್ಸ್‌ಇಂಟ್ ಎಡಗಡೆಯಿಂದ ಅಂಕಿಗಳನ್ನು ಓದುತ್ತ ಹೋಗಿ, ಅಂಕಿಯಲ್ಲದ್ದು ಸಿಕ್ಕಿದಲ್ಲಿ ನಿಲ್ಲಿಸಿ, ಅಲ್ಲಿಯವರೆಗಿನದನ್ನು ಕೊಡುತ್ತದೆ. ಹೀಗಾಗಿ 48,000 ಎಂಬುದು 48 ಆಯಿತು. ಇದೇ ಕಾರಣಕ್ಕೆ 62.5 ಕಿಲೋ ಎಂದು ಬರೆದರೆ ಅರ್ಧ ಕಿಲೋ ಹೋಗಿಬಿಡುತ್ತದೆ, ಅದು 88.80ರಂತೆ ಕಣ್ಣಿಗೆ ಹೊಡೆಯುವುದೂ ಇಲ್ಲ. ಬೆಳೆಗಾರರ ಹಣದ ಲೆಕ್ಕದಲ್ಲಿ ನನಗೆ ಹೆಚ್ಚು ಹೆದರಿಕೆಯಾಗುವುದು ಇಂಥ ಸಣ್ಣ ವ್ಯತ್ಯಾಸದ ತಪ್ಪುಗಳದ್ದೇ. 'ನಂಬರ್' ಎಂಬ ಕಾರ್ಯ ಇದಕ್ಕಿಂತ ನಿಷ್ಠುರವಾದದ್ದು. ಇಡೀ ಪಠ್ಯ ಸಂಖ್ಯೆಯಾಗದಿದ್ದರೆ ಅದು 'ನಾನ್' ಎಂಬ ಬೆಲೆಯನ್ನು ಕೊಡುತ್ತದೆ, ಎಂದರೆ ಇದು ಸಂಖ್ಯೆಯಲ್ಲ. ನಾನ್ ತನಗೆ ತಾನೇ ಸಮವಲ್ಲದ ಬೆಲೆಯಾದ್ದರಿಂದ ಅದನ್ನು ಸಮ ಚಿಹ್ನೆಯಿಂದ ಪರೀಕ್ಷಿಸಲಾಗದು, 'ನಂಬರ್ ಡಾಟ್ ಈಸ್‌ನಾನ್' ಎಂದೇ ಕೇಳಬೇಕು.

ಅಲ್ಪವಿರಾಮವನ್ನು ತೆಗೆಯಲು 'ರಿಪ್ಲೇಸ್ಆಲ್' ಬಳಸಿ. ಬರಿಯ 'ರಿಪ್ಲೇಸ್'ಗೆ ಅಲ್ಪವಿರಾಮದ ಪಠ್ಯವನ್ನು ಕೊಟ್ಟರೆ ಅದು ಮೊದಲನೆಯದನ್ನು ಮಾತ್ರ ತೆಗೆಯುತ್ತದೆ. ನಮ್ಮಲ್ಲಿ ಒಂದು ಲಕ್ಷವನ್ನು 1,00,000 ಎಂದು ಎರಡು ಅಲ್ಪವಿರಾಮಗಳೊಂದಿಗೆ ಬರೆಯುವುದರಿಂದ ಲಕ್ಷದ ಕೆಳಗೆ ಎಲ್ಲವೂ ಸರಿಯಾಗಿ ನಡೆದು, ಲಕ್ಷ ಮುಟ್ಟಿದ ದಿನ ಪುಟ ಕೆಡುತ್ತದೆ.

ಅಪ್ಪನ ಫೋನಿನಲ್ಲಿ ಕನ್ನಡ ಕೀಲಿಮಣೆ ಇದ್ದರೆ ೬೨ ಎಂದು ಕನ್ನಡ ಅಂಕಿಗಳನ್ನು ಬರೆಯುವ ಸಾಧ್ಯತೆಯೂ ಇದೆ. ಜಾವಾಸ್ಕ್ರಿಪ್ಟಿಗೆ ಅವು ಅಂಕಿಗಳಲ್ಲ, ಬೇರೆ ಅಕ್ಷರಗಳಷ್ಟೇ, ನಂಬರ್ ಅವುಗಳಿಗೆ ನಾನ್ ಎಂದೇ ಕೊಡುತ್ತದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ೦ಯಿಂದ ೯ರವರೆಗಿನ ಅಕ್ಷರಗಳು ಒಂದರ ನಂತರ ಒಂದು ಕ್ರಮವಾಗಿ ಇರುವುದರಿಂದ ಪ್ರತಿಯೊಂದರ ಸಂಕೇತಸಂಖ್ಯೆಯಿಂದ ೦ಯ ಸಂಕೇತಸಂಖ್ಯೆಯನ್ನು ಕಳೆದರೆ ಬೇಕಾದ ಅಂಕಿ ಸಿಗುತ್ತದೆ. ಹತ್ತು ಸಾಲಿನ ಕೆಲಸ, ಮಾಡಿಬಿಡಿ. ಕನ್ನಡದಲ್ಲಿ ಬರೆದ ಸಂಖ್ಯೆ ಕನ್ನಡಿಗರ ಪುಟದಲ್ಲಿ ತಪ್ಪಾಗಬಾರದು.

ಕೊನೆಯದಾಗಿ, ಖಾಲಿ ಪೆಟ್ಟಿಗೆ. ನಂಬರ್ ಖಾಲಿ ಪಠ್ಯಕ್ಕೆ ಸೊನ್ನೆ ಕೊಡುತ್ತದೆ. ಎರಡೇ ಚೀಲ ಇರುವ ದಿನ ಮೂರನೆಯ ಪೆಟ್ಟಿಗೆ ಖಾಲಿಯಿದ್ದರೆ ಸೊನ್ನೆಯೆಂದೇ ತಿಳಿಯುವುದು ಸರಿ. ದರದ ಪೆಟ್ಟಿಗೆ ಖಾಲಿಯಿದ್ದರೆ ಮಾತ್ರ ಸೊನ್ನೆ ರೂಪಾಯಿಯೆಂದು ತೋರಿಸದೆ, ದರವನ್ನು ಬರೆಯಿರಿ ಎಂದು ಕೇಳಬೇಕು.

ಉತ್ತರ: ಅಂಕೋಲಾದಿಂದ

ಇಲ್ಲಿಯವರೆಗಿನ ಚರ್ಚೆಗೆ ನನ್ನ ಕಡೆಯಿಂದ ಎರಡು ಸೇರ್ಪಡೆಗಳು, ಪುಟವನ್ನು ಮುಂದೆ ಅಂತರ್ಜಾಲಕ್ಕೆ ಏರಿಸುವಾಗ ಬೇಕಾಗುತ್ತವೆ. ಫೋನಿನಿಂದ ಇಳಿಸಿದ ಚಿತ್ರದ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂಬುದು ಕೆಲವೊಮ್ಮೆ ದೊಡ್ಡಕ್ಷರಗಳಲ್ಲಿ ಇರುತ್ತದೆ. ಕೋಡಿನಲ್ಲಿ ಚಿಕ್ಕಕ್ಷರಗಳಲ್ಲಿ ಬರೆದಿದ್ದರೂ ವಿಂಡೋಸ್ ಇರುವ ನಿಮ್ಮ ಲ್ಯಾಪ್‌ಟಾಪಿನಲ್ಲಿ ಚಿತ್ರ ಕಾಣುತ್ತದೆ. ಲಿನಕ್ಸ್ ಇರುವ ಸರ್ವರಿನಲ್ಲಿ ಅವೆರಡೂ ಬೇರೆ ಹೆಸರುಗಳಾದ್ದರಿಂದ ಕಡತ ಸಿಗಲಿಲ್ಲವೆಂಬ 404 ಸೂಚನೆ ಬರುತ್ತದೆ. ಮೊದಲ ವರ್ಷ ನಾನು ಇದೇ ತಪ್ಪಿಗಾಗಿ ಎರಡು ರಾತ್ರಿ ಕಳೆದೆ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಭಾಗವನ್ನು ತೆರೆದಿದ್ದರೆ ಯಾವ ಕಡತ ಸಿಗಲಿಲ್ಲವೆಂಬುದು ಅಲ್ಲಿಯೇ ಬರೆದಿರುತ್ತಿತ್ತು.

ಎರಡನೆಯದು, ತಿದ್ದಿದ ಮೇಲೂ ಹಳೆಯ ಪುಟವೇ ಕಾಣುವುದು. ಬ್ರೌಸರು ಹಿಂದೆ ತಂದಿಟ್ಟುಕೊಂಡ ಕಡತವನ್ನೇ ತೋರಿಸುತ್ತಿರುತ್ತದೆ, ನಾವು ಸರಿಯಾದ ತಿದ್ದುಪಡಿಯನ್ನು ತಪ್ಪೆಂದು ತಿಳಿದು ಮತ್ತೆ ಕೆಡಿಸುತ್ತೇವೆ. ಕಂಟ್ರೋಲ್, ಶಿಫ್ಟ್ ಮತ್ತು ಆರ್ ಒಟ್ಟಿಗೆ ಒತ್ತಿ ಹೊಸದಾಗಿ ತರಿಸಿಕೊಂಡು ನೋಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿಯೊಂದರ ನಂತರ, ಕೋಡಿನ ಪ್ರತಿ ಹಂತವನ್ನೂ ನೆನಪಿಡುವ ತಂತ್ರಾಂಶವಾದ ಗಿಟ್‌ನಲ್ಲಿ ಉಳಿಸಿಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಗಿಟ್ ಕೆಲಸ ಮಾಡಲು ಇಂಟರ್ನೆಟ್ಟೂ ಬೇಕಾಗಿಲ್ಲ, ಎಲ್ಲವೂ ನಿಮ್ಮ ಯಂತ್ರದಲ್ಲಿಯೇ ಉಳಿಯುತ್ತದೆ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಕೃತಜ್ಞತೆಗಳು. ಅಲ್ಪವಿರಾಮ, ಕನ್ನಡ ಅಂಕಿ ಮತ್ತು ಖಾಲಿ ದರದ ಪೆಟ್ಟಿಗೆ, ಮೂರನ್ನೂ ಒಂದಾದ ಮೇಲೊಂದರಂತೆ ಸೇರಿಸಿ ಪ್ರತಿ ಸಲವೂ ಗಿಟ್‌ನಲ್ಲಿ ಉಳಿಸಿದೆ. ಆಮೇಲೆ ಅಪ್ಪನ ನೋಟುಪುಸ್ತಕದಿಂದ ಹಳೆಯ ಹನ್ನೊಂದು ಲೆಕ್ಕಗಳನ್ನು ತೆಗೆದು ಪುಟದಲ್ಲಿ ಹಾಕಿ ನೋಡಿದೆ. ಹತ್ತು ರೂಪಾಯಿಗೆ ರೂಪಾಯಿ ಕೂಡಿಬಂದವು. ಒಂದರಲ್ಲಿ ಪುಟದ ಉತ್ತರ ಕಡಿಮೆ ಬಂತು.

ಈ ಸಲ ಏನನ್ನೂ ಅಳಿಸಲಿಲ್ಲ. ಕುಮಟಾದವರು ಮಾಡಿದಂತೆ ವ್ಯತ್ಯಾಸವನ್ನು ದರದಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಸರಿಯಾಗಿ 54 ಕಿಲೋ ಬಂತು. ನೋಟುಪುಸ್ತಕವನ್ನು ಮತ್ತೆ ನೋಡಿದರೆ ಆ ದಿನದ ಲೆಕ್ಕದ ಪಕ್ಕದಲ್ಲಿ, ಪುಟದ ಅಂಚಿಗೆ ಅಪ್ಪ 54 ಎಂದು ನಾಲ್ಕನೆಯ ಚೀಲದ ತೂಕ ಬರೆದಿದ್ದರು. ನನ್ನ ಪುಟದಲ್ಲಿ ಇರುವುದು ಮೂರೇ ಪೆಟ್ಟಿಗೆಗಳು. 'ಇನ್ನೊಂದು ಚೀಲ ಸೇರಿಸು' ಎಂಬ ಬಟನ್ನನ್ನು ನಿನ್ನೆ ಸಂಜೆಯಿಂದ ಬರೆಯುತ್ತಿದ್ದೇನೆ. ಸದ್ಯ ಒಂದು ಸಲ ಒತ್ತಿದರೆ ಎರಡು ಸಾಲುಗಳು ಸೇರುತ್ತಿವೆ, ಬ್ರೇಕ್‌ಪಾಯಿಂಟ್ ಹಾಕಿ ನೋಡುತ್ತಿದ್ದೇನೆ.